ಹಿಂದೆ ಬಿದ್ದ ಅಧ್ಯಕ್ಷೀಯ ಅಭ್ಯರ್ಥಿಗೆ ಕೊನೆಗೆ ಶೇಕಡಾ ಎಷ್ಟು ಮತ ಬೀಳುತ್ತದೆ?

ಲೆಕ್ಕದಹಾಳೆ ಅವರ ಪ್ರಶ್ನೆ

ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಮಾತು ಬಂದಾಗಲೆಲ್ಲ ಯಾರು ಗೆಲ್ಲುತ್ತಾರೆ ಎಂಬಲ್ಲಿಗೇ ಚರ್ಚೆ ನಿಂತುಬಿಡುತ್ತದೆ. ನನ್ನ ಕುತೂಹಲ ಸ್ವಲ್ಪ ಬೇರೆ. ಪ್ರಚಾರದ ನಡುವೆ ಎಡವಿ, ಎಲ್ಲ ಸಮೀಕ್ಷೆಗಳಲ್ಲೂ ಹಿಂದೆ ಬಿದ್ದ ಅಭ್ಯರ್ಥಿಗೆ ದೇಶದ ಒಟ್ಟು ಜನಪ್ರಿಯ ಮತಗಳಲ್ಲಿ ಕೊನೆಗೆ ಎಷ್ಟು ಪಾಲು ದಕ್ಕುತ್ತದೆ ಎಂಬುದನ್ನು ಮೂರು ನಾಲ್ಕು ವಾರ ಮೊದಲೇ ಹೇಳಲು ಸಾಧ್ಯವೇ? ಸಾಧ್ಯವಿದ್ದರೆ ಆ ಲೆಕ್ಕವನ್ನು ಹೇಗೆ ಮಾಡಬೇಕು?

ಈ ಪ್ರಶ್ನೆ ಹುಟ್ಟಿದ್ದು 2016ರ ಅಕ್ಟೋಬರ್‌ನಲ್ಲಿ. ಆ ತಿಂಗಳ 7ರ ಶುಕ್ರವಾರ ಡೊನಾಲ್ಡ್ ಟ್ರಂಪ್ ಮಹಿಳೆಯರ ಬಗ್ಗೆ ಆಡಿದ್ದ ಮಾತುಗಳ ಹಳೆಯ ವಿಡಿಯೊ ಹೊರಬಂದಿತು. ಶನಿವಾರ ಮತ್ತು ಭಾನುವಾರ ಎನ್‌ಬಿಸಿ ನ್ಯೂಸ್ ಹಾಗೂ ವಾಲ್ ಸ್ಟ್ರೀಟ್ ಜರ್ನಲ್ ಜೊತೆಯಾಗಿ ನಡೆಸಿದ ಸಮೀಕ್ಷೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಹಿಲರಿ ಕ್ಲಿಂಟನ್ ಅವರಿಗೆ ಶೇ 46, ರಿಪಬ್ಲಿಕನ್ ಪಕ್ಷದ ಟ್ರಂಪ್ ಅವರಿಗೆ ಶೇ 35, ಸಣ್ಣ ಪಕ್ಷಗಳ ಅಭ್ಯರ್ಥಿಗಳಾದ ಗ್ಯಾರಿ ಜಾನ್ಸನ್ ಅವರಿಗೆ ಶೇ 9, ಜಿಲ್ ಸ್ಟೈನ್ ಅವರಿಗೆ ಶೇ 2 ಬಂದಿತ್ತು. ನಾಲ್ವರನ್ನೂ ಕೂಡಿಸಿದರೆ 92. ಉಳಿದ 8 ಜನ ಇನ್ನೂ ತೀರ್ಮಾನಿಸದವರು ಅಥವಾ ಬೇರೆ ಉತ್ತರ ಕೊಟ್ಟವರು. ಆ 8 ಜನರನ್ನು ನಾಲ್ವರಿಗೂ ಅವರವರ ಪ್ರಮಾಣದಲ್ಲೇ ಹಂಚಬೇಕು ಎಂದು ಭಾವಿಸಿ 35ನ್ನು 92ರಿಂದ ಭಾಗಿಸಿದೆ. ಶೇ 38 ಬಂದಿತು. ಇದು ತೀರಾ ಕೆಟ್ಟ ವಾರದ ಸಮೀಕ್ಷೆ ಎಂಬ ಕಾರಣಕ್ಕೆ ಒಂದು ಶೇಕಡಾ ಅಂಶ ಸೇರಿಸಿ, 39 ಎಂದು ಹಾಳೆಯಲ್ಲಿ ಬರೆದು ದಿನಾಂಕ ಹಾಕಿಟ್ಟೆ.

ಅಂತಿಮ ಫಲಿತಾಂಶದಲ್ಲಿ ಟ್ರಂಪ್ ಅವರ ಪಾಲು ಶೇ 46.1. ರಾಜ್ಯವಾರು ಪ್ರತಿನಿಧಿಗಳು ಅಧ್ಯಕ್ಷರನ್ನು ಆರಿಸುವ ಎಲೆಕ್ಟೋರಲ್ ಕಾಲೇಜಿನಲ್ಲಿ ಅವರು ಗೆದ್ದದ್ದು ಬೇರೆಯ ವಿಷಯ, ಅದನ್ನು ಇಲ್ಲಿ ಎತ್ತುವುದಿಲ್ಲ. ನನ್ನನ್ನು ಕಾಡುವುದು ಆ ಏಳು ಅಂಶಗಳ ವ್ಯತ್ಯಾಸ. ಆ ವರ್ಷ ಚಲಾವಣೆಯಾದ ಮತಗಳು ಸುಮಾರು 13.67 ಕೋಟಿ. ಅದರಲ್ಲಿ ಶೇ 7 ಎಂದರೆ 95 ಲಕ್ಷ ಜನ. ನನ್ನ ಲೆಕ್ಕದಲ್ಲಿ ಇವರೆಲ್ಲ ಎಲ್ಲಿದ್ದರು? ಭಾಗಾಕಾರದಲ್ಲಿ ತಪ್ಪಿಲ್ಲ ಎಂದಾದರೆ, ತಪ್ಪು ಇರುವುದು ನನ್ನ ಗ್ರಹಿಕೆಯಲ್ಲಿ. ಅದನ್ನು ತಿದ್ದಿಕೊಳ್ಳಲು ಬಲ್ಲವರು ನೆರವಾಗಬೇಕೆಂದು ಕೋರುತ್ತೇನೆ.

ಹಳೆಯಎಣಿಕೆ ಅವರ ಉತ್ತರ

ಲೆಕ್ಕದಹಾಳೆ ಅವರೇ, ಮುಂಚಿತವಾಗಿ ಬರೆದು ದಿನಾಂಕ ಹಾಕಿಟ್ಟಿದ್ದೀರಲ್ಲ, ಅದರಿಂದಾಗಿಯೇ ಈ ಚರ್ಚೆ ಸಾಧ್ಯವಾಗಿದೆ. ಫಲಿತಾಂಶ ಬಂದ ಮೇಲೆ ತಾವು ಏನು ಅಂದುಕೊಂಡಿದ್ದೆವು ಎಂಬುದನ್ನು ಹೆಚ್ಚಿನವರು ಮರೆತಿರುತ್ತಾರೆ.

ನಿಮ್ಮ ತಪ್ಪು ಎಲ್ಲಿದೆ ಎಂಬುದನ್ನು ನೋಡಲು 48 ವರ್ಷ ಹಿಂದಕ್ಕೆ ಹೋಗೋಣ. 1968ರ ಸೆಪ್ಟೆಂಬರ್ ಕೊನೆಯಲ್ಲಿ ಗ್ಯಾಲಪ್ ಸಂಸ್ಥೆಯ ಸಮೀಕ್ಷೆಯ ಪ್ರಕಾರ ರಿಪಬ್ಲಿಕನ್ ಪಕ್ಷದ ರಿಚರ್ಡ್ ನಿಕ್ಸನ್ 43, ಡೆಮಾಕ್ರಟಿಕ್ ಪಕ್ಷದ ಹ್ಯೂಬರ್ಟ್ ಹಂಫ್ರಿ 28, ಪಕ್ಷ ಬಿಟ್ಟು ಮೂರನೆಯವರಾಗಿ ನಿಂತಿದ್ದ ಜಾರ್ಜ್ ವಾಲೇಸ್ 21. ಕೂಡಿಸಿ ನೋಡಿ, ಇಲ್ಲೂ 92ಕ್ಕೇ ನಿಲ್ಲುತ್ತದೆ; ಇಲ್ಲೂ ಉಳಿದವರು 8 ಜನ. ಹಂಫ್ರಿ ಅವರ ಸ್ಥಿತಿ ಆಗ ದಯನೀಯವಾಗಿತ್ತು. ಷಿಕಾಗೊದಲ್ಲಿ ಅವರನ್ನು ಅಭ್ಯರ್ಥಿಯನ್ನಾಗಿ ಆರಿಸಿದ ಸಮ್ಮೇಳನದ ಹೊರಗೆ ಪೊಲೀಸರು ವಿಯೆಟ್ನಾಂ ಯುದ್ಧವನ್ನು ವಿರೋಧಿಸುತ್ತಿದ್ದ ಯುವಕರನ್ನು ಬಡಿಯುತ್ತಿದ್ದುದನ್ನು ಇಡೀ ದೇಶ ದೂರದರ್ಶನದಲ್ಲಿ ಕಂಡಿತ್ತು. ಯುದ್ಧ ಬೇಡವೆನ್ನುವ ಡೆಮಾಕ್ರಟರು ಅವರ ಮೇಲೆ ಮುನಿದಿದ್ದರು, ಉತ್ತರದ ಕಾರ್ಖಾನೆ ಕಾರ್ಮಿಕರಲ್ಲಿ ಗಣನೀಯ ಭಾಗ ವಾಲೇಸ್ ಅವರ ಕಡೆ ವಾಲಿತ್ತು. ನಿಮ್ಮ ಭಾಗಾಕಾರವನ್ನು ಇಲ್ಲಿ ಬಳಸಿದರೆ 28ನ್ನು 92ರಿಂದ ಭಾಗಿಸಿ ಶೇ 30.4 ಎನ್ನಬೇಕಾಗುತ್ತದೆ. ನವೆಂಬರ್‌ನಲ್ಲಿ ಹಂಫ್ರಿ ಅವರಿಗೆ ಬಂದದ್ದು ಶೇ 42.7. ಅಂದರೆ 12 ಅಂಶಗಳ ತಪ್ಪು.

ಈಗ ನಿಕ್ಸನ್ ಅವರನ್ನು ನೋಡಿ. ಸೆಪ್ಟೆಂಬರ್‌ನಲ್ಲಿ 43 ಇದ್ದವರಿಗೆ ಕೊನೆಗೆ ಸಿಕ್ಕಿದ್ದು ಶೇ 43.4. ಐದು ವಾರಗಳ ಪ್ರಚಾರ, ಕೋಟ್ಯಂತರ ಡಾಲರ್ ಖರ್ಚು, ಯುದ್ಧದ ಏರಿಳಿತ ಎಲ್ಲ ಮುಗಿದ ಮೇಲೂ ಮುಂದಿದ್ದವರ ಸಂಖ್ಯೆ ಅರ್ಧ ಅಂಶವೂ ಕದಲಲಿಲ್ಲ. ವಾಲೇಸ್ 21ರಿಂದ 13.5ಕ್ಕೆ ಇಳಿದರು. ಅವರಿಂದ ಬಿಡುಗಡೆಯಾದ ಏಳೂವರೆ, ತೀರ್ಮಾನಿಸದವರ ಎಂಟು, ಒಟ್ಟು ಹದಿನೈದೂವರೆ ಅಂಶಗಳಲ್ಲಿ 14.7 ಹಂಫ್ರಿ ಅವರಿಗೇ ಸೇರಿದವು. ಇದು ನಿವ್ವಳ ಲೆಕ್ಕ; ಒಳಗೊಳಗೆ ಅತ್ತಿಂದಿತ್ತ ಓಡಾಡಿದವರು ಇದ್ದೇ ಇರುತ್ತಾರೆ. ಆದರೂ ಚಿತ್ರ ಸ್ಪಷ್ಟವಾಗಿದೆ. ಸೆಪ್ಟೆಂಬರ್ 30ರಂದು ಸಾಲ್ಟ್ ಲೇಕ್ ಸಿಟಿಯಿಂದ ಮಾಡಿದ ಭಾಷಣದಲ್ಲಿ ಹಂಫ್ರಿ ಉತ್ತರ ವಿಯೆಟ್ನಾಂ ಮೇಲಿನ ಬಾಂಬ್ ದಾಳಿ ನಿಲ್ಲಿಸುವ ಮಾತಾಡಿದ ಮೇಲೆ ಯುದ್ಧವಿರೋಧಿಗಳ ಮುನಿಸು ಕರಗತೊಡಗಿತು. ಕಾರ್ಮಿಕ ಸಂಘಟನೆಗಳು ಕರಪತ್ರ ಹಂಚಿ ತಮ್ಮ ಸದಸ್ಯರನ್ನು ವಾಲೇಸ್ ಅವರಿಂದ ಬಿಡಿಸಿ ತಂದವು. ಹಂಫ್ರಿ ಅವರು ಹೊಸಬರನ್ನು ಗೆದ್ದರು ಎನ್ನುವುದಕ್ಕಿಂತ, ಮೊದಲಿನಿಂದಲೂ ಅವರ ಪಕ್ಷದವರೇ ಆಗಿದ್ದು ಮುನಿಸಿಕೊಂಡು ಹೊರಗೆ ಕುಳಿತಿದ್ದವರು ಒಳಗೆ ಬಂದರು ಎನ್ನುವುದು ಹೆಚ್ಚು ಸರಿ.

ಇದೇ ಕನ್ನಡಕದಿಂದ 2016ರ ನಿಮ್ಮ ಹಾಳೆಯನ್ನು ನೋಡಿ. ಕ್ಲಿಂಟನ್ 46ರಿಂದ 48.2ಕ್ಕೆ ಏರಿದರು, ಅಂದರೆ 2.2 ಅಂಶ. ಟ್ರಂಪ್ 35ರಿಂದ 46.1ಕ್ಕೆ ಏರಿದರು, ಅಂದರೆ 11.1 ಅಂಶ. ಜಾನ್ಸನ್ 9ರಿಂದ 3.3ಕ್ಕೆ, ಸ್ಟೈನ್ 2ರಿಂದ 1.1ಕ್ಕೆ ಇಳಿದರು. ನಿಮ್ಮ 95 ಲಕ್ಷ ಜನ ಇದ್ದದ್ದು ಜಾನ್ಸನ್ ಅವರ ಸಾಲಿನಲ್ಲಿ ಮತ್ತು ಉತ್ತರವಿಲ್ಲದವರ ಸಾಲಿನಲ್ಲಿ. ಅವರಲ್ಲಿ ಬಹುಪಾಲು ರಿಪಬ್ಲಿಕನ್ ಪಕ್ಷಕ್ಕೆ ಮತ ಹಾಕುತ್ತ ಬಂದವರು. ಆ ಶನಿವಾರ, ಭಾನುವಾರ ತಮ್ಮ ಅಭ್ಯರ್ಥಿಯ ಹೆಸರನ್ನು ಬಾಯಿಬಿಟ್ಟು ಹೇಳಲು ಮನಸ್ಸಾಗದೆ ಇದ್ದವರು. ಮತದಾನದ ದಿನ ಮತಗಟ್ಟೆಯಿಂದ ಹೊರಬರುವವರನ್ನು ಕೇಳಿ ನಡೆಸಿದ ಸಮೀಕ್ಷೆಯಲ್ಲಿ ತಮ್ಮನ್ನು ರಿಪಬ್ಲಿಕನ್ನರು ಎಂದು ಕರೆದುಕೊಂಡವರ ಪೈಕಿ ಶೇ 88 ಜನ ಟ್ರಂಪ್ ಅವರಿಗೇ ಮತ ಹಾಕಿದ್ದರು.

ಆದ್ದರಿಂದ ಸಮೀಕ್ಷೆಯ ಸಂಖ್ಯೆಯನ್ನೂ ಮತಪ್ರಮಾಣವನ್ನೂ ಒಂದೇ ವಸ್ತುವೆಂದು ತಿಳಿಯಬಾರದು. ಸಮೀಕ್ಷೆ ಕೊಡುವುದು ಇವತ್ತು ಆ ಹೆಸರನ್ನು ಹೇಳಲು ಸಿದ್ಧರಿರುವವರ ಸಂಖ್ಯೆಯನ್ನು. ಮತಪ್ರಮಾಣ ಎಂದರೆ ಕೊನೆಯ ದಿನ ಎರಡರಲ್ಲಿ ಒಂದನ್ನು ಆರಿಸಲೇಬೇಕಾಗಿ ಬಂದವರ ಪಾಲು. ಚೆನ್ನಾಗಿ ನಡೆಯುತ್ತಿರುವ ಅಭ್ಯರ್ಥಿಯ ವಿಷಯದಲ್ಲಿ ಇವೆರಡೂ ಹತ್ತಿರ ಹತ್ತಿರ ಇರುತ್ತವೆ, ಏಕೆಂದರೆ ಅವರ ಕಡೆಯವರು ಸಂತೋಷದಿಂದ ಹೆಸರು ಹೇಳುತ್ತಾರೆ. ಎಡವಿದ ಅಭ್ಯರ್ಥಿಯ ವಿಷಯದಲ್ಲಿ ನಡುವೆ ಕಂದರ ಬೀಳುತ್ತದೆ. ತೀರ್ಮಾನಿಸದವರನ್ನು ಪ್ರಮಾಣಕ್ಕೆ ತಕ್ಕಂತೆ ಹಂಚುವ ಪದ್ಧತಿ, ಆ ಗುಂಪಿನಲ್ಲೂ ಇಬ್ಬರು ಅಭ್ಯರ್ಥಿಗಳ ಕಡೆಯವರು ಉಳಿದವರಷ್ಟೇ ಪ್ರಮಾಣದಲ್ಲಿ ಇದ್ದಾರೆಂದು ಊಹಿಸುತ್ತದೆ. ಎಡವಿದ ವಾರದಲ್ಲಿ ಆ ಊಹೆ ನಿಲ್ಲುವುದಿಲ್ಲ.

ಹಾಗಾದರೆ ಎಷ್ಟು ಬರೆಯಬೇಕಿತ್ತು? ನಾನು ಮೊದಲು ಎರಡು ದೊಡ್ಡ ಪಕ್ಷಗಳ ನಡುವಿನ ಪಾಲನ್ನಷ್ಟೇ ಅಂದಾಜು ಮಾಡುತ್ತೇನೆ, ಆಮೇಲೆ ಉಳಿದವರಿಗೆ ಹೋಗುವುದನ್ನು ಕಳೆಯುತ್ತೇನೆ. 1988ರಿಂದ ಈಚೆಗೆ ಎರಡು ಪಕ್ಷಗಳ ಲೆಕ್ಕದಲ್ಲಿ ಯಾರೂ ಶೇ 45ಕ್ಕಿಂತ ಕೆಳಗೆ ಇಳಿದಿಲ್ಲ. 1996ರಲ್ಲಿ ಬಾಬ್ ಡೋಲ್ ಅವರ ಒಟ್ಟು ಪಾಲು ಶೇ 40.7 ಎಂದು ಕಾಣುತ್ತದೆಯಾದರೂ ರಾಸ್ ಪೆರೊ ಅವರ 8.4ನ್ನು ಬದಿಗಿಟ್ಟರೆ ಅದು 45.3 ಆಗುತ್ತದೆ. 2000ದಿಂದ 2024ರವರೆಗಿನ ಏಳು ಚುನಾವಣೆಗಳಲ್ಲಂತೂ ಸೋತವರ ಒಟ್ಟು ಪಾಲಿನಲ್ಲೇ ಅತ್ಯಂತ ಕಡಿಮೆ ಎಂದರೆ 2008ರಲ್ಲಿ ಜಾನ್ ಮೆಕೇನ್ ಅವರಿಗೆ ಬಂದ ಶೇ 45.7. ಆರ್ಥಿಕ ಕುಸಿತದ ನಡುವೆ, ಜನರಿಗೆ ಬೇಡವಾಗಿದ್ದ ಅಧ್ಯಕ್ಷರ ಪಕ್ಷದಿಂದ ನಿಂತವರಿಗೆ ಬಂದ ಪಾಲು ಅದು. 1964ರ ಗೋಲ್ಡ್‌ವಾಟರ್ ಅವರ 38.5, 1972ರ ಮೆಕ್‌ಗವರ್ನ್ ಅವರ 37.5, 1984ರ ಮಾಂಡೇಲ್ ಅವರ 40.6 ಇವೆಲ್ಲ ಪಕ್ಷದ ಕಟ್ಟು ಸಡಿಲವಾಗಿದ್ದ ಕಾಲದ ಸಂಖ್ಯೆಗಳು. 2016ರಲ್ಲಿ 39 ಎಂದು ಬರೆಯುವುದೆಂದರೆ ಮಾಂಡೇಲ್ ಅವರಿಗಿಂತ ಕೆಳಗೆ ಎಂದು ಬರೆದಂತೆ. ಆ ಕಾಲ ಮರಳಿ ಬಂದಿದೆ ಎನ್ನಲು ನಿಮ್ಮ ಬಳಿ ಬಲವಾದ ಕಾರಣ ಇರಬೇಕಿತ್ತು. ಒಂದು ವಾರಾಂತ್ಯದ ಸಮೀಕ್ಷೆ ಅಂಥ ಕಾರಣವಾಗಲಾರದು.

ಸಂಜೆಪಾಳಿ ಅವರ ಉತ್ತರ

ಮೇಲಿನ ಉತ್ತರದಲ್ಲಿ ಮುನಿಸಿಕೊಂಡು ಹೊರಗೆ ಕುಳಿತವರು ಎಂದಿದ್ದಾರೆ. ಅಂಥವರ ದನಿಯನ್ನು ನಾನು ಕೇಳಿದ್ದೇನೆ, ಅದಕ್ಕಾಗಿ ಬರೆಯುತ್ತಿದ್ದೇನೆ. 2012ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದಾಗ ಒಂದು ಸಮೀಕ್ಷಾ ಸಂಸ್ಥೆಯಲ್ಲಿ ಸಂಜೆ ಪಾಳಿಯಲ್ಲಿ ಫೋನ್ ಮಾಡುವ ಕೆಲಸಕ್ಕೆ ಹೋಗುತ್ತಿದ್ದೆ. ಪರದೆಯ ಮೇಲೆ ಪ್ರಶ್ನೆ ಬರುತ್ತದೆ, ಅದನ್ನು ಅಕ್ಷರವೂ ಬದಲಾಗದಂತೆ ಓದಬೇಕು. "ಚುನಾವಣೆ ಇವತ್ತೇ ನಡೆದರೆ ಯಾರಿಗೆ ಮತ ಹಾಕುತ್ತೀರಿ?" ಎಂದು ಕೇಳಿ ಹೆಸರುಗಳನ್ನು ಓದುತ್ತೇವೆ, ಒಬ್ಬರಿಗೆ ಓದುವಾಗ ಮೊದಲು ಬಂದ ಹೆಸರು ಮುಂದಿನವರಿಗೆ ಓದುವಾಗ ಎರಡನೆಯದಾಗಿ ಬರುತ್ತದೆ. ಗೊತ್ತಿಲ್ಲ ಎಂದವರಿಗೆ ಇನ್ನೊಂದು ಪ್ರಶ್ನೆ ಇರುತ್ತದೆ: "ಇವತ್ತಿಗೆ ಯಾರ ಕಡೆ ಹೆಚ್ಚು ಒಲವಿದೆ?" ಅದಕ್ಕೂ ಉತ್ತರ ಬಾರದಿದ್ದರೆ ತೀರ್ಮಾನಿಸಿಲ್ಲ ಎಂಬ ಗುಂಡಿ ಒತ್ತಿ ಮುಂದಕ್ಕೆ ಹೋಗಬೇಕು.

ಆ ವರ್ಷ ಅಕ್ಟೋಬರ್ 3ರಂದು ಡೆನ್ವರ್‌ನಲ್ಲಿ ನಡೆದ ಮೊದಲ ಚರ್ಚೆಯಲ್ಲಿ ಬರಾಕ್ ಒಬಾಮ ಮಂಕಾಗಿ ಮಾತಾಡಿದರು. ಅದರ ಮುಂದಿನ ವಾರದ ಒಂದು ಕರೆ ನನಗೆ ಇವತ್ತಿಗೂ ನೆನಪಿದೆ. ವಯಸ್ಸಾದ ಹೆಂಗಸು, ಹಿಂದೆ ಟಿವಿ ಸದ್ದು. ಮೊದಲ ಪ್ರಶ್ನೆಗೆ ಗೊತ್ತಿಲ್ಲ ಎಂದರು. ಒಲವಿನ ಪ್ರಶ್ನೆ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಅವರು ಎದ್ದು ಹೋಗಿ ಟಿವಿ ಆರಿಸಿದ್ದು ಕೇಳಿಸಿತು. ಮರಳಿ ಬಂದು, "ನಲವತ್ತು ವರ್ಷದಿಂದ ಡೆಮಾಕ್ರಟರಿಗೇ ಹಾಕಿದ್ದೇನಮ್ಮ, ಈ ಸಲ ಹೇಳಬೇಕು ಅನ್ನಿಸುತ್ತಿಲ್ಲ, ನೀನೇ ಏನಾದರೂ ಬರೆದುಕೋ" ಎಂದರು. ನಾನೇ ಬರೆದುಕೊಳ್ಳುವ ಅಧಿಕಾರ ನನಗಿರಲಿಲ್ಲ. ಹೇಳಿದ ಮಾತಿಗೆ ನಾವು ಅರ್ಥ ಕಟ್ಟಬಾರದು ಎಂಬುದು ಮೊದಲ ದಿನವೇ ಕಲಿಸುವ ನಿಯಮ, ಮತ್ತು ಅದು ಸರಿಯಾದ ನಿಯಮವೇ. ತೀರ್ಮಾನಿಸಿಲ್ಲ ಎಂಬ ಗುಂಡಿಯನ್ನೇ ಒತ್ತಿದೆ. ಅವರು ನವೆಂಬರ್‌ನಲ್ಲಿ ಯಾರಿಗೆ ಹಾಕಿದರೋ ನನಗೆ ತಿಳಿಯದು, ಆದರೆ ಲೆಕ್ಕದಹಾಳೆ ಅವರ ಭಾಗಾಕಾರ ಅವರನ್ನು ಇಬ್ಬರಿಗೂ ಹೆಚ್ಚು ಕಡಿಮೆ ಅರ್ಧರ್ಧ ಹಂಚುತ್ತಿತ್ತು.

ಅವರು ಮಾತಾಡಲಾದರೂ ಒಪ್ಪಿದರು. ಅದಕ್ಕಿಂತ ದೊಡ್ಡ ಗುಂಪೆಂದರೆ ಚುನಾವಣೆ ಎಂಬ ಪದ ಕೇಳಿದೊಡನೆ ಫೋನ್ ಇಟ್ಟುಬಿಡುವವರದು. ಅವರು ತೀರ್ಮಾನಿಸದವರ ಸಾಲಿನಲ್ಲೂ ಇರುವುದಿಲ್ಲ, ಲೆಕ್ಕದಿಂದಲೇ ಹೊರಗಿರುತ್ತಾರೆ. ಪ್ಯೂ ಸಂಶೋಧನಾ ಕೇಂದ್ರದ ಫೋನ್ ಸಮೀಕ್ಷೆಗಳಿಗೆ 1997ರಲ್ಲಿ ನೂರಕ್ಕೆ 36 ಜನ ಸಿಗುತ್ತಿದ್ದರೆ 2012ರ ಹೊತ್ತಿಗೆ ಸಿಗುತ್ತಿದ್ದವರು ಕೇವಲ 9. ಇಷ್ಟು ಕಡಿಮೆ ಜನ ಉತ್ತರಿಸುವಾಗ, ಒಂದು ಪಕ್ಷದವರು ಬೇಸರದಿಂದ ಸ್ವಲ್ಪ ಹೆಚ್ಚಾಗಿ ಫೋನ್ ಇಟ್ಟರೂ ಸಾಕು, ಯಾರ ಮನಸ್ಸೂ ಬದಲಾಗದೆಯೇ ಸಮೀಕ್ಷೆಯ ಸಂಖ್ಯೆ ನಾಲ್ಕೈದು ಅಂಶ ಬದಲಾಗಿಬಿಡುತ್ತದೆ. ಅದೇ ಪ್ಯೂ ಸಂಸ್ಥೆಯ ಸಮೀಕ್ಷೆಯಲ್ಲಿ ಸೆಪ್ಟೆಂಬರ್‌ನಲ್ಲಿ ಒಬಾಮ 51, ಮಿಟ್ ರಾಮ್ನಿ 43 ಇದ್ದದ್ದು ಚರ್ಚೆಯ ನಂತರ ರಾಮ್ನಿ 49, ಒಬಾಮ 45 ಆಯಿತು. ಒಂದು ಸಂಜೆಯ ಮಾತುಕತೆಯಿಂದ 12 ಅಂಶಗಳ ಹೊರಳು. ಫಲಿತಾಂಶ ಬಂದಾಗ ಒಬಾಮ ಅವರಿಗೆ ಶೇ 51.1, ರಾಮ್ನಿ ಅವರಿಗೆ ಶೇ 47.2.

ಇದನ್ನು ಅಂಕಿ ಅಂಶಗಳ ಮೂಲಕ ತೋರಿಸಿದವರಲ್ಲಿ ಸಂಖ್ಯಾಶಾಸ್ತ್ರಜ್ಞ ಆಂಡ್ರ್ಯೂ ಗೆಲ್ಮನ್ ಮತ್ತು ಅವರ ಸಂಗಡಿಗರು ಮುಖ್ಯರು. 2012ರಲ್ಲಿ ಎಕ್ಸ್‌ಬಾಕ್ಸ್ ಆಟದ ಯಂತ್ರದ ಮೂಲಕ ಸುಮಾರು ಮೂರೂವರೆ ಲಕ್ಷ ಜನರಿಂದ ಮತ್ತೆ ಮತ್ತೆ ಉತ್ತರ ಪಡೆದು, ಉತ್ತರಿಸಿದವರ ಪಕ್ಷದ ಒಲವಿಗೆ ತಕ್ಕಂತೆ ತೂಕ ಸರಿಪಡಿಸಿದಾಗ, ಚರ್ಚೆಯ ನಂತರ ಕಂಡಿದ್ದ ಆ ಹೊರಳಿನ ಬಹುಭಾಗ ಮಾಯವಾಯಿತು. ಆ ಕರೆಕೊಠಡಿಯಲ್ಲಿ ಕುಳಿತಿದ್ದ ನನಗೆ ಅದನ್ನು ಓದಿದಾಗ ಆಶ್ಚರ್ಯವಾಗಲಿಲ್ಲ. ನಿಮ್ಮ 2016ರ ಸಮೀಕ್ಷೆ ನಡೆದದ್ದು ವಿಡಿಯೊ ಹೊರಬಂದ ಮರುದಿನ ಮತ್ತು ಅದರ ಮರುದಿನ. ಅಂಥ ಎರಡು ದಿನ ಯಾರು ಫೋನ್ ಎತ್ತಿ ಮಾತಾಡಲು ಉತ್ಸಾಹ ತೋರಿರಬಹುದು ಎಂದು ಯೋಚಿಸಿ ನೋಡಿ.

ಎರಡನೆಯಎಣಿಕೆ ಅವರ ಉತ್ತರ

ಇಬ್ಬರೂ ಹೇಳಿರುವುದನ್ನು ಒಪ್ಪುತ್ತೇನೆ, ಆದರೆ ಇದನ್ನು ಓದಿದವರು ಹಿಂದೆ ಬಿದ್ದವರ ಸಂಖ್ಯೆಗೆ ಕಣ್ಣು ಮುಚ್ಚಿ ಆರೇಳು ಅಂಶ ಸೇರಿಸುವ ಅಭ್ಯಾಸಕ್ಕೆ ಬೀಳಬಾರದೆಂಬ ಕಳಕಳಿಯಿಂದ ಇದನ್ನು ಬರೆಯುತ್ತಿದ್ದೇನೆ.

1980ರಲ್ಲಿ ಗ್ಯಾಲಪ್‌ನ ಕೊನೆಯ ಸಮೀಕ್ಷೆಯಲ್ಲಿ ರೊನಾಲ್ಡ್ ರೇಗನ್ 47, ಹಾಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 44, ಜಾನ್ ಆಂಡರ್ಸನ್ 8. ಕಾರ್ಟರ್ ಅವರಿಗೆ ಬಂದದ್ದು ಶೇ 41. ಅವರು ಏರಲಿಲ್ಲ, ಮೂರು ಅಂಶ ಇಳಿದರು, ರೇಗನ್ 50.7ಕ್ಕೆ ಹೋದರು. ಇಬ್ಬರ ನಡುವಿನ ಏಕೈಕ ಚರ್ಚೆ ನಡೆದದ್ದು ಮತದಾನಕ್ಕೆ ಒಂದೇ ವಾರ ಮೊದಲು, ಅಕ್ಟೋಬರ್ 28ರಂದು. ಇರಾನಿನಲ್ಲಿ ಒತ್ತೆಯಾಳುಗಳಾಗಿದ್ದ ಅಮೆರಿಕನ್ನರು ಬಿಡುಗಡೆಯಾಗಲಿಲ್ಲ ಎಂಬುದು ಕೊನೆಯ ವಾರಾಂತ್ಯದಲ್ಲಿ ಮತ್ತೆ ಸುದ್ದಿಯಾಯಿತು. ಅಲ್ಲಿ ತೀರ್ಮಾನಿಸದವರು ಹಾಲಿ ಅಧ್ಯಕ್ಷರಿಂದ ಬೇಸತ್ತು, ಎದುರಾಳಿ ನಂಬಿಕೆಗೆ ಅರ್ಹರೇ ಎಂದು ಅಳೆಯುತ್ತ ಕಾಯುತ್ತಿದ್ದವರಾಗಿದ್ದರು. ಅಳೆದಾಯಿತು, ಹೋದರು. ಆದ್ದರಿಂದ ಹೊರಗೆ ಕುಳಿತವರು ಯಾರ ಮನೆಯವರು ಎಂಬುದು ಮೊದಲು ಗೊತ್ತಾಗಬೇಕು. ತೀರ್ಮಾನಿಸದವರಲ್ಲಿ ಹಿಂದಿನ ಬಾರಿ ಯಾರಿಗೆ ಮತ ಹಾಕಿದವರು ಹೆಚ್ಚಿದ್ದಾರೆ, ತಮ್ಮನ್ನು ಯಾವ ಪಕ್ಷದವರೆಂದು ಹೇಳಿಕೊಳ್ಳುತ್ತಾರೆ ಎಂಬ ಪಟ್ಟಿಯನ್ನು ಅನೇಕ ಸಮೀಕ್ಷೆಗಳು ಕೊಡುತ್ತವೆ, ನೋಡುವವರು ಕಡಿಮೆ.

ಎರಡನೆಯದಾಗಿ, ಮೂರನೆಯ ಅಭ್ಯರ್ಥಿ ಕೊನೆಗೆ ಕರಗಿಯೇ ಹೋಗುತ್ತಾರೆ ಎಂಬ ನಂಬಿಕೆ. ಬಹಳಷ್ಟು ಸಲ ಅದು ನಿಜ. ಆದರೆ 1992ರ ಜೂನ್‌ನಲ್ಲಿ ಗ್ಯಾಲಪ್ ಸಮೀಕ್ಷೆಯಲ್ಲಿ 39 ಗಳಿಸಿ ಇಬ್ಬರಿಗಿಂತಲೂ ಮುಂದಿದ್ದ ರಾಸ್ ಪೆರೊ, ಜುಲೈನಲ್ಲಿ ಕಣದಿಂದ ಸರಿದು, ಅಕ್ಟೋಬರ್ 1ರಂದು ಮರಳಿ ಬಂದು ಶೇ 18.9 ಪಡೆದರು. ಹಾಲಿ ಅಧ್ಯಕ್ಷ ಜಾರ್ಜ್ ಬುಷ್ ಅವರ ಪಾಲು ಶೇ 37.4ಕ್ಕೆ ಇಳಿಯಿತು. ಹಳೆಯಎಣಿಕೆ ಅವರ ಎರಡು ಪಕ್ಷಗಳ ಲೆಕ್ಕದಲ್ಲಿ ಅದು 46.5 ಎಂದು ಕಂಡು ಎಲ್ಲವೂ ಸಹಜವಾಗಿದೆ ಅನ್ನಿಸುತ್ತದೆ. ಆದರೆ ಪ್ರಶ್ನೆ ಇರುವುದು ಒಟ್ಟು ಪಾಲಿನ ಬಗ್ಗೆ, ಅಲ್ಲಿ ಪೆರೊ ಅವರ ಅಂದಾಜು ಐದು ಅಂಶ ತಪ್ಪಿದರೆ ನಿಮ್ಮ ಉತ್ತರ ಎರಡೂವರೆ ಅಂಶ ತಪ್ಪುತ್ತದೆ. ಪಕ್ಷವೇ ಎರಡು ಹೋಳಾದರೆ ತಳ ಎಂಬುದೇ ಇರುವುದಿಲ್ಲ. 1912ರಲ್ಲಿ ಥಿಯೊಡರ್ ರೂಸ್‌ವೆಲ್ಟ್ ರಿಪಬ್ಲಿಕನ್ ಪಕ್ಷದಿಂದ ಸಿಡಿದು ನಿಂತಾಗ ಹಾಲಿ ಅಧ್ಯಕ್ಷ ವಿಲಿಯಂ ಟಾಫ್ಟ್ ಶೇ 23.2 ಪಡೆದು ಮೂರನೆಯ ಸ್ಥಾನಕ್ಕೆ ಹೋದರು.

ಮೂರನೆಯ ಮಾತು 2016ರ ಬಗ್ಗೆಯೇ. ಟ್ರಂಪ್ ಅವರ 11 ಅಂಶಗಳನ್ನು ಪೂರ್ತಿಯಾಗಿ ಮುನಿಸು ಕರಗಿದ್ದಕ್ಕೆ ಕಟ್ಟುವುದು ಅತಿಯಾಯಿತು. ಅಕ್ಟೋಬರ್ 28ರಂದು ಎಫ್‌ಬಿಐ ನಿರ್ದೇಶಕ ಜೇಮ್ಸ್ ಕೋಮಿ ಕ್ಲಿಂಟನ್ ಅವರ ಇಮೇಲ್ ತನಿಖೆಯ ಬಗ್ಗೆ ಸಂಸತ್ತಿಗೆ ಪತ್ರ ಬರೆದರು. ಕೊನೆಯ ವಾರದಲ್ಲಿ ತೀರ್ಮಾನಿಸಿದವರು ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾಗಳಂಥ ರಾಜ್ಯಗಳಲ್ಲಿ ಟ್ರಂಪ್ ಅವರ ಕಡೆಗೆ ಹೆಚ್ಚಾಗಿ ವಾಲಿದ್ದು ಆಮೇಲಿನ ಪರಿಶೀಲನೆಗಳಲ್ಲಿ ದಾಖಲಾಗಿದೆ. ಅಕ್ಟೋಬರ್ 10ರಂದು ಹಾಳೆಯ ಮುಂದೆ ಕುಳಿತವರಿಗೆ ಆ ಪತ್ರದ ಸುಳಿವೂ ಇರಲು ಸಾಧ್ಯವಿರಲಿಲ್ಲ. ಆದ್ದರಿಂದ ಲೆಕ್ಕದಹಾಳೆ ಅವರೇ, ನೀವು ಸರಿಯಾಗಿ ಮಾಡಿದ್ದರೂ 46 ಎಂದು ಬರೆಯುತ್ತಿರಲಿಲ್ಲ. 43 ಅಥವಾ 44 ಎಂದು ಬರೆದು, ಎರಡೂ ಬದಿಗೆ ಮೂರು ಅಂಶ ಬಿಡುತ್ತಿದ್ದಿರಿ. ಅದನ್ನು ಒಳ್ಳೆಯ ಅಂದಾಜು ಎಂದೇ ಕರೆಯುತ್ತೇನೆ.

ಮೂರು ಅಂಶ ಎನ್ನಲು ಕಾರಣವಿದೆ. ಸಾವಿರ ಜನರ ಸಮೀಕ್ಷೆಯ ಕೆಳಗೆ ಮುದ್ರಿಸುವ ದೋಷದ ಮಿತಿ ಹೆಚ್ಚುಕಡಿಮೆ ಮೂರು. ಅದು ಜನರನ್ನು ಆಕಸ್ಮಿಕವಾಗಿ ಆರಿಸಿದ್ದರಿಂದ ಬರುವ ದೋಷ ಮಾತ್ರ. ಫೋನ್ ಇಟ್ಟುಬಿಟ್ಟವರ ದೋಷ ಅದರಲ್ಲಿ ಇಲ್ಲ. 1998ರಿಂದ 2014ರವರೆಗಿನ 608 ರಾಜ್ಯಮಟ್ಟದ ಚುನಾವಣೆಗಳ 4,221 ಸಮೀಕ್ಷೆಗಳನ್ನು ಫಲಿತಾಂಶದೊಂದಿಗೆ ಹೋಲಿಸಿದ ಅಧ್ಯಯನವೊಂದು, ನಿಜವಾದ ದೋಷ ಮುದ್ರಿತ ದೋಷದ ಸುಮಾರು ಎರಡರಷ್ಟಿರುತ್ತದೆ ಎಂದು ಕಂಡುಕೊಂಡಿತು. ಹತ್ತು ಸಮೀಕ್ಷೆಗಳ ಸರಾಸರಿ ತೆಗೆದರೆ ಆಕಸ್ಮಿಕ ದೋಷ ಕುಗ್ಗುತ್ತದೆ, ಹತ್ತಕ್ಕೂ ಸಮಾನವಾಗಿರುವ ದೋಷ ಹಾಗೆಯೇ ಉಳಿಯುತ್ತದೆ. 2020ರಲ್ಲಿ ಸಮೀಕ್ಷೆಗಳ ಸರಾಸರಿ ಪ್ರಕಟಿಸುವ ರಿಯಲ್‌ಕ್ಲಿಯರ್ ಪಾಲಿಟಿಕ್ಸ್ ಜಾಲತಾಣದ ಕೊನೆಯ ಸರಾಸರಿಯಲ್ಲಿ ಜೋ ಬೈಡನ್ 51.2, ಟ್ರಂಪ್ 44. ಬೈಡನ್ ಅವರಿಗೆ ಬಂದದ್ದು 51.3, ಟ್ರಂಪ್ ಅವರಿಗೆ 46.8. ಮುಂದಿದ್ದವರ ಸಂಖ್ಯೆ ಕೂದಲೆಳೆಯಷ್ಟೂ ತಪ್ಪಲಿಲ್ಲ, ಹಿಂದಿದ್ದವರದು ಮೂರು ಅಂಶ ತಪ್ಪಿತು. ಇದು ಹಳೆಯಎಣಿಕೆ ಅವರ ವಾದಕ್ಕೇ ಬಲ ಕೊಡುತ್ತದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಲೆಕ್ಕದಹಾಳೆ ಅವರ ಮರುಮಾತು

ಮೂವರಿಗೂ ಕೃತಜ್ಞ. ಸಂಜೆಪಾಳಿ ಅವರು ಹೇಳಿದ ಆ ತಾಯಿಯ ಮಾತು ಓದಿದ ಮೇಲೆ ತೀರ್ಮಾನಿಸದವರು ಎಂಬ ಸಾಲನ್ನು ನಾನು ಇನ್ನು ಮುಂದೆ ಮೊದಲಿನಂತೆ ನೋಡಲಾರೆ. ಅದನ್ನು ಖಾಲಿ ಜಾಗವೆಂದು ತಿಳಿದಿದ್ದೆ. ಅಲ್ಲಿ ಇದ್ದವರಿಗೆ ಹಳೆಯ ನಂಟುಗಳಿದ್ದವು.

ಹಳೆಯ ಹಾಳೆಯ ಕೆಳಗೆ ಹೊಸದಾಗಿ ಲೆಕ್ಕ ಮಾಡಿದೆ. ಫಲಿತಾಂಶ ಗೊತ್ತಿರುವಾಗ ಮಾಡುವ ಲೆಕ್ಕಕ್ಕೆ ಬೆಲೆ ಕಡಿಮೆ ಎಂಬುದು ತಿಳಿದಿದೆ, ಆದರೂ ಕ್ರಮವನ್ನು ಪರೀಕ್ಷಿಸಲು ಮಾಡಿದೆ. ಮೂರನೆಯ ಮತ್ತು ನಾಲ್ಕನೆಯ ಅಭ್ಯರ್ಥಿಗಳ 11ನ್ನು ಅರ್ಧಕ್ಕೆ ಇಳಿಸಿ ಐದೂವರೆ ಎಂದಿಟ್ಟುಕೊಂಡೆ. ಆಗ ಎರಡು ದೊಡ್ಡ ಪಕ್ಷಗಳಿಗೆ ಉಳಿಯುವುದು 94.5. ಹಿಂದೆ ಬಿದ್ದವರಿಗೆ ಅದರಲ್ಲಿ ಕನಿಷ್ಠ ಶೇ 45, ಹೆಚ್ಚೆಂದರೆ ಶೇ 49 ಎಂದು ಹಿಡಿದರೆ, ಒಟ್ಟು ಪಾಲು 42.5ರಿಂದ 46.3ರ ನಡುವೆ ಬೀಳುತ್ತದೆ. ನಡುವಿನ ಸಂಖ್ಯೆ 44.4. ಎರಡನೆಯಎಣಿಕೆ ಅವರು ಹೇಳಿದ ಜಾಗಕ್ಕೇ ಬಂದು ನಿಂತಿತು. ಸಮೀಕ್ಷೆಯ 35 ಎಂಬ ಸಂಖ್ಯೆಯನ್ನು ಈ ಲೆಕ್ಕದಲ್ಲಿ ಎಲ್ಲಿಯೂ ಬಳಸಿಯೇ ಇಲ್ಲ ಎಂಬುದು ಮಾತ್ರ ನನಗೆ ಸ್ವಲ್ಪ ಅಳುಕು ತರುತ್ತಿದೆ. ಅಭ್ಯರ್ಥಿ ಎಡವಿದ್ದಕ್ಕೆ ಯಾವ ಬೆಲೆಯೂ ಇಲ್ಲವೇ?

ಹಳೆಯಎಣಿಕೆ ಅವರ ಉತ್ತರ

ಬೆಲೆ ಇದೆ. ಈ ಅಳುಕು ನ್ಯಾಯವಾದದ್ದು. ಎಡವಿದ್ದರ ಬೆಲೆಯನ್ನು ನೀವು 45ರಿಂದ 49 ಎಂಬ ಅಂತರದ ಒಳಗೆ ಎಲ್ಲಿ ನಿಲ್ಲುತ್ತೀರಿ ಎಂಬುದರಲ್ಲಿ ತೋರಿಸಬೇಕು. ಆರ್ಥಿಕ ಬೆಳವಣಿಗೆ, ಹಾಲಿ ಅಧ್ಯಕ್ಷರ ಜನಪ್ರಿಯತೆ, ಒಂದೇ ಪಕ್ಷ ಎಷ್ಟು ವರ್ಷದಿಂದ ಅಧಿಕಾರದಲ್ಲಿದೆ ಎಂಬ ಮೂರನ್ನು ಸೇರಿಸಿ ಲೆಕ್ಕ ಹಾಕುವ ಅಲನ್ ಅಬ್ರಾಮೊವಿಟ್ಜ್ ಅವರ ಸೂತ್ರ 2016ರಲ್ಲಿ ರಿಪಬ್ಲಿಕನ್ ಅಭ್ಯರ್ಥಿಗೆ ಎರಡು ಪಕ್ಷಗಳ ಮತದಲ್ಲಿ ಶೇ 51ಕ್ಕಿಂತ ಹೆಚ್ಚು ಸಿಗಬೇಕು ಎಂದಿತ್ತು. ಅಭ್ಯರ್ಥಿ ಯಾರೆಂಬುದು ಆ ಸೂತ್ರಕ್ಕೆ ಗೊತ್ತಿರಲಿಲ್ಲ. ಟ್ರಂಪ್ ಅವರಿಗೆ ಬಂದದ್ದು 48.9. ಎರಡಕ್ಕಿಂತ ತುಸು ಹೆಚ್ಚಿನ ಈ ಅಂಶಗಳ ಕೊರತೆಯನ್ನು ಅಭ್ಯರ್ಥಿ ತೆತ್ತ ಬೆಲೆ ಎಂದು ಓದಬಹುದು. ಸಮೀಕ್ಷೆಯ 35 ಆ ಬೆಲೆಯನ್ನು ಹತ್ತು ಹನ್ನೆರಡು ಅಂಶ ಎಂದು ತೋರಿಸುತ್ತಿತ್ತು.

ಮುಂದಿನ ಸಲ ಹಾಳೆಯಲ್ಲಿ ಬರೆಯುವಾಗ ಇನ್ನೊಂದು ಸಾಲು ಸೇರಿಸಿ: ಯಾವ ದಿನದ ಎಣಿಕೆ, ಯಾವ ಛೇದ. ಅಯೋವಾ ವಿಶ್ವವಿದ್ಯಾಲಯ 1988ರಿಂದ ನಡೆಸಿಕೊಂಡು ಬಂದ ಮುನ್ಸೂಚನೆಯ ಮಾರುಕಟ್ಟೆಯಲ್ಲಿ, ಗೆಲುವಿನ ಮೇಲೆ ಹಣ ಹೂಡುವುದು ಒಂದು ಬಗೆಯಾದರೆ ಮತಪ್ರಮಾಣದ ಮೇಲೆ ಹೂಡುವುದು ಪ್ರತ್ಯೇಕ ಬಗೆ. ಎರಡನೆಯದರಲ್ಲಿ ಎರಡು ದೊಡ್ಡ ಪಕ್ಷಗಳ ಮತಗಳಷ್ಟೇ ಛೇದವೆಂದು ಮೊದಲೇ ಹೇಳಿರುತ್ತಾರೆ. ಅದನ್ನು ಹೇಳದಿದ್ದರೆ 2016ರ ಒಂದೇ ಫಲಿತಾಂಶವನ್ನು ಒಬ್ಬರು 46.1 ಎಂದೂ ಇನ್ನೊಬ್ಬರು 48.9 ಎಂದೂ ಓದಿ, ಇಬ್ಬರೂ ತಮ್ಮ ಅಂದಾಜು ಸರಿಯಾಯಿತು ಎನ್ನಬಹುದು. ದಿನದ ಮಾತು ಇನ್ನೂ ಮುಖ್ಯ. ಕ್ಯಾಲಿಫೋರ್ನಿಯಾದಲ್ಲಿ ಅಂಚೆಯಲ್ಲಿ ಬಂದ ಮತಪತ್ರಗಳ ಸಹಿ ನೋಡಿ ಎಣಿಸುವುದು ವಾರಗಟ್ಟಲೆ ನಡೆಯುತ್ತದೆ. 2016ರ ಎಣಿಕೆಯ ಮೊದಲ ರಾತ್ರಿ ಜನಪ್ರಿಯ ಮತಗಳಲ್ಲಿ ಟ್ರಂಪ್ ಮುಂದಿದ್ದಂತೆ ಕಂಡಿತ್ತು. ಎಲ್ಲ ಎಣಿಸಿದ ಮೇಲೆ ಕ್ಲಿಂಟನ್ 28.68 ಲಕ್ಷ ಮತಗಳಿಂದ ಮುಂದಿದ್ದರು. 2024ರಲ್ಲೂ ಮೊದಲ ದಿನಗಳಲ್ಲಿ ಟ್ರಂಪ್ ಅವರ ಪಾಲು ಶೇ 50ರ ಮೇಲಿತ್ತು, ಕೊನೆಗೆ 49.8ಕ್ಕೆ ನಿಂತಿತು. ಆದ್ದರಿಂದ ನವೆಂಬರ್ ಮೊದಲ ವಾರದಲ್ಲಿ ಹಾಳೆ ತೆಗೆದು ನೋಡಬೇಡಿ. ಎಲ್ಲ ರಾಜ್ಯಗಳೂ ಫಲಿತಾಂಶವನ್ನು ದೃಢೀಕರಿಸಿದ ಮೇಲೆ, ಡಿಸೆಂಬರ್‌ನಲ್ಲಿ ತೆಗೆಯಿರಿ.